ಏಳನೇ ಟೋನ್, ಎಂಟನೇ ಟೋನ್: ಎಲೆಕ್ಟ್ರಿಕ್ ಹಾರ್ಪ್ಸಿಕಾರ್ಡ್ ಎಲ್ಲಿಗೆ ಹೋಯಿತು?

ಮನೆಯಲ್ಲಿ ಒಂದು ಕೀಬೋರ್ಡ್ ಇದ್ದರೆ ಅದರ ಜನರಲ್ ಮಿಡಿ ಪಟ್ಟಿಯನ್ನು, ಅಂದರೆ ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳೂ ಒಂದೇ ಕ್ರಮದಲ್ಲಿ ಕೊಡುವ ದನಿಗಳ ಪಟ್ಟಿಯನ್ನು, ತೆರೆದು ಏಳನೇ ಟೋನ್ ಒತ್ತಿ ನೋಡಿ. ಎಣಿಕೆಯನ್ನು ಸೊನ್ನೆಯಿಂದ ಶುರುಮಾಡುವ ಯಂತ್ರಗಳಲ್ಲಿ ಅದೇ ಟೋನ್ 6 ಎಂದು ಕಾಣಿಸುತ್ತದೆ. ಕಂಚಿನ ತಟ್ಟೆಯ ಮೇಲೆ ಮಣಿ ಉದುರಿಸಿದಂತೆ ಚುರುಕಾಗಿ ಕೇಳುವ ಆ ದನಿ ಹಾರ್ಪ್ಸಿಕಾರ್ಡಿನದು, ಕೀ ಒತ್ತಿದರೆ ತಂತಿಯನ್ನು ಮೀಟುವ, ಪಿಯಾನೋಗಿಂತ ಹಳೆಯ ಯುರೋಪಿನ ವಾದ್ಯದ್ದು. ಅದರ ಪಕ್ಕದಲ್ಲೇ ಇರುವ ಎಂಟನೇ ಟೋನ್ ಕ್ಲಾವಿ, ಅಂದರೆ ಕ್ಲಾವಿನೆಟ್ ಎಂಬ ಎಲೆಕ್ಟ್ರಿಕ್ ಕೀಬೋರ್ಡ್ ವಾದ್ಯ. 1991ರಲ್ಲಿ ಈ ಪಟ್ಟಿ ಗೊತ್ತಾದಾಗ ಇದ್ದ 128 ಟೋನ್‌ಗಳಲ್ಲಿ ಪಿಯಾನೋ ಗುಂಪಿಗೆ ಸಿಕ್ಕಿದ್ದು ಬರೀ ಎಂಟು. ಅದರಲ್ಲೂ ಎರಡು ಸ್ಥಾನ ಈ ಎರಡಕ್ಕೆ ಹೋದವು. ಪಟ್ಟಿಯಲ್ಲಿ ಅಕ್ಕಪಕ್ಕ ಕೂತಿರುವ ಈ ಎರಡರ ನಡುವೆ ಒಂದು ಕಾಲಕ್ಕೆ ನಿಜವಾದ ಪೈಪೋಟಿ ಇತ್ತು. ಹಾರ್ಪ್ಸಿಕಾರ್ಡಿಗೆ ತಂತಿಯ ಅಲುಗಾಟವನ್ನು ಕರೆಂಟಾಗಿಸುವ ಪಿಕಪ್ ಕೂರಿಸಿ, ಆಂಪ್ಲಿಫೈಯರ್ ಜೋಡಿಸಿ, ಅದನ್ನು ರಾಕ್ ಸಂಗೀತದ ವೇದಿಕೆಗೆ ತಂದರು. ಕೆಲವೇ ವರ್ಷಗಳಲ್ಲಿ ವಾದ್ಯ ಹಿಂದೆ ಸರಿಯಿತು, ದನಿ ಮಾತ್ರ ಉಳಿಯಿತು. ವಾದ್ಯ ಸೋತದ್ದಕ್ಕೂ ದನಿ ಉಳಿದದ್ದಕ್ಕೂ ಕಾರಣ ಒಂದೇ ಎಂಬುದು ಈ ಲೇಖನದ ವಾದ: ಈ ವಾದ್ಯದಲ್ಲಿ ಕೀಯನ್ನು ಎಷ್ಟೇ ಜೋರಾಗಿ ಒತ್ತಿದರೂ ದನಿ ಜೋರಾಗುವುದಿಲ್ಲ.

ಅದು ಯಾಕೆ ಎಂದು ತಿಳಿಯಲು ಒಂದು ಕೀಯ ಹಿಂದೆ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಕೀ ಒಂದು ಏತದ ಹಾಗೆ. ಮುಂತುದಿಯನ್ನು ಒತ್ತಿದರೆ ಹಿಂತುದಿ ಏಳುತ್ತದೆ. ಆ ಹಿಂತುದಿಯ ಮೇಲೆ ಜ್ಯಾಕ್ ಎಂಬ ತೆಳ್ಳನೆಯ ಪಟ್ಟಿ ನೆಟ್ಟಗೆ ನಿಂತಿರುತ್ತದೆ. ಜ್ಯಾಕ್‌ನ ತಲೆಯ ಸೀಳಿನಲ್ಲಿ ಹಿಂದಕ್ಕೆ ಬಾಗಬಲ್ಲ ಒಂದು ಪುಟ್ಟ ನಾಲಗೆ, ನಾಲಗೆಗೆ ಚುಚ್ಚಿದ ಒಂದು ಕೊಕ್ಕು. ಹಿಂದೆ ಇದು ಕಾಗೆಯ ಜಾತಿಯ ಹಕ್ಕಿಗಳ ಗರಿಯ ದಂಟಾಗಿತ್ತು. ಈಗ ಸಾಮಾನ್ಯವಾಗಿ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್. ಜ್ಯಾಕ್ ಮೇಲೇರುವಾಗ ಕೊಕ್ಕು ತಂತಿಯ ಅಡಿಗೆ ತಾಗಿ, ಬಾಗಿ, ತಡೆಯಲಾರದೆ ಜಾರುತ್ತದೆ. ಆ ಜಾರುವ ಕ್ಷಣವೇ ಮೀಟು. ಕೀ ಬಿಟ್ಟಾಗ ಜ್ಯಾಕ್ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ, ಕೊಕ್ಕು ತಂತಿಯನ್ನು ಮತ್ತೆ ಮುಟ್ಟುತ್ತದೆ. ಆಗ ನಾಲಗೆ ಹಿಂದಕ್ಕೆ ಬಾಗಿ ಕೊಕ್ಕನ್ನು ತಂತಿಯ ಪಕ್ಕದಿಂದ ದಾಟಿಸುತ್ತದೆ. ಕೊನೆಗೆ ಜ್ಯಾಕ್‌ಗೆ ಅಂಟಿಸಿದ ಉಣ್ಣೆಬಟ್ಟೆಯ ತುಂಡು ತಂತಿಯ ಮೇಲೆ ಕೂತು ದನಿಯನ್ನು ನಿಲ್ಲಿಸುತ್ತದೆ.

ತಂತಿ ಎಷ್ಟು ದೂರ ಸರಿದು ಜಾರಬೇಕು ಎಂಬುದನ್ನು ತೀರ್ಮಾನಿಸುವುದು ಕೊಕ್ಕಿನ ಉದ್ದ ಮತ್ತು ಗಡಸುತನ. ಬೆರಳಿನ ವೇಗಕ್ಕೆ ಅಲ್ಲಿ ಹೆಚ್ಚು ಪಾತ್ರವಿಲ್ಲ. ವೀಣೆಯವರು ಮೀಟನ್ನು ಬೆರಳಿನಲ್ಲೇ ಹಗುರ ಮಾಡುತ್ತಾರೆ, ಭಾರ ಮಾಡುತ್ತಾರೆ. ಹಾರ್ಪ್ಸಿಕಾರ್ಡಿನಲ್ಲಿ ಆ ಕೆಲಸವನ್ನು ವಾದ್ಯ ತಯಾರಿಸಿದವರು ಚಾಕುವಿನಿಂದ ಮೊದಲೇ ಮಾಡಿಟ್ಟಿರುತ್ತಾರೆ.

ಪಾಪ್ ಸಂಗೀತಕ್ಕೆ ಈ ಗುಣ ಮೊದಲು ವರವಾಗಿಯೇ ಒದಗಿತು. 1951ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಗೆ ರೋಸ್‌ಮರಿ ಕ್ಲೂನಿ ಹಾಡಿದ ‘ಕಮ್ ಆನ್-ಎ ಮೈ ಹೌಸ್’ ದೊಡ್ಡ ಹಿಟ್ ಆಯಿತು. ನಿರ್ಮಾಪಕ ಮಿಚ್ ಮಿಲ್ಲರ್ ಅದರಲ್ಲಿ ಸ್ಟಾನ್ ಫ್ರೀಮನ್ ಅವರಿಂದ ಹಾರ್ಪ್ಸಿಕಾರ್ಡ್ ನುಡಿಸಿದ್ದರು. ಅಂದಿನ ಎಎಂ ರೇಡಿಯೋದ ಪುಟ್ಟ ಸ್ಪೀಕರ್‌ನಲ್ಲಿ ಮಂದ್ರ ಸ್ವರಗಳು ಕರಗಿಹೋಗುತ್ತಿದ್ದವು. ಹಾರ್ಪ್ಸಿಕಾರ್ಡಿನ ಶಕ್ತಿಯೆಲ್ಲ ಇರುವುದು ಮೇಲಿನ ಅನುಸ್ವರಗಳಲ್ಲಿ, ಅಂದರೆ ಮೂಲ ಸ್ವರದ ಜೊತೆಗೇ ಹುಟ್ಟುವ, ಅದರ ಎರಡು, ಮೂರು, ನಾಲ್ಕು ಪಟ್ಟು ಕಂಪನದ ಸ್ವರಗಳಲ್ಲಿ. ಹಾಗಾಗಿ ಎಷ್ಟು ಕಿರಿದಾದ ಸ್ಪೀಕರಿನಿಂದಲೂ ಅದು ಹೊರಗೆ ಬರುತ್ತಿತ್ತು. ಹಾಡುಗಾರರ ದನಿಯ ಅಡಿಯಲ್ಲಿ ಹೂತುಹೋಗುತ್ತಲೂ ಇರಲಿಲ್ಲ, ದನಿಯ ಮೇಲೆ ಏರಿ ಕೂರುತ್ತಲೂ ಇರಲಿಲ್ಲ.

1964ರಿಂದ 1967ರವರೆಗೆ ಅದರದ್ದೇ ಸುಗ್ಗಿ. ಬೀಚ್ ಬಾಯ್ಸ್ ತಂಡದ ಬ್ರಯಾನ್ ವಿಲ್ಸನ್ 1964ರಲ್ಲೇ ಅದನ್ನು ಬಳಸಿದರು. 1965ರಲ್ಲಿ ಯಾರ್ಡ್‌ಬರ್ಡ್ಸ್ ತಂಡದ ‘ಫಾರ್ ಯುವರ್ ಲವ್’ ಹಾಡಿಗೆ ಬ್ರಯಾನ್ ಆಗರ್ ನುಡಿಸಿದರು. ಲೆಫ್ಟ್ ಬ್ಯಾಂಕ್ ತಂಡದ 1966ರ ‘ವಾಕ್ ಅವೇ ರೆನೀ’ ಬಂದಮೇಲೆ ಈ ಶೈಲಿಗೆ ಬರೋಕ್ ಪಾಪ್ (ಬರೋಕ್ ಎಂದರೆ ಹಾರ್ಪ್ಸಿಕಾರ್ಡ್ ಮೆರೆದ ಯುರೋಪಿನ ಹಳೆಯ ಕಾಲ) ಎಂಬ ಹೆಸರು ಗಟ್ಟಿಯಾಯಿತು. ಈ ದನಿಯ ಹಸಿವು ಎಷ್ಟಿತ್ತು ಎಂಬುದಕ್ಕೆ ಬೀಟಲ್ಸ್ ತಂಡದ 1965ರ ‘ಇನ್ ಮೈ ಲೈಫ್’ ಸಾಕ್ಷಿ. ಅದರ ನಡುವೆ ಬರುವ ತುಣುಕು ಹಾರ್ಪ್ಸಿಕಾರ್ಡಿನದು ಎಂದೇ ಬಹಳ ಜನ ಭಾವಿಸಿದ್ದಾರೆ. ಅದು ಪಿಯಾನೋ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಟೇಪನ್ನು ಅರ್ಧ ವೇಗದಲ್ಲಿ ಓಡಿಸಿ, ಒಂದು ಸ್ಥಾಯಿ ಕೆಳಗೆ ನುಡಿಸಿ, ಆಮೇಲೆ ಪೂರ್ತಿ ವೇಗದಲ್ಲಿ ಹಾಕಿದರು. ಸ್ವರ ಒಂದು ಸ್ಥಾಯಿ ಮೇಲೇರಿತು. ಸುತ್ತಿಗೆಯ ಪೆಟ್ಟು ಅರ್ಧ ಸಮಯದಲ್ಲಿ ಮುಗಿಯಿತು, ಸ್ವರ ನಂದುವುದೂ ಎರಡು ಪಟ್ಟು ಬೇಗವಾಯಿತು. ಕಿವಿಗೆ ಅದು ಮೀಟಿದ ತಂತಿಯಾಯಿತು.

ಇದೆಲ್ಲ ಸ್ಟುಡಿಯೋದ ಒಳಗಿನ ಮಾತು. ವೇದಿಕೆಯ ಮೇಲೆ ಕಥೆ ಬೇರೆ. ಮರದ ಹಾರ್ಪ್ಸಿಕಾರ್ಡಿನ ದನಿ ಡ್ರಮ್ಸ್ ಪಕ್ಕದಲ್ಲಿ ಏನೂ ಅಲ್ಲ. ಮೈಕ್ ಇಟ್ಟರೆ ಹಾರ್ಪ್ಸಿಕಾರ್ಡಿಗಿಂತ ಹೆಚ್ಚಾಗಿ ಡ್ರಮ್ಸ್ ಒಳಗೆ ಬರುತ್ತದೆ. ಮೈಕ್‌ನ ಮಟ್ಟ ಏರಿಸಿದರೆ ಸ್ಪೀಕರಿನ ದನಿ, ತಂತಿಯ ಕಂಪನವನ್ನು ಗಾಳಿಗೆ ಹರಡುವ ತೆಳ್ಳನೆಯ ಮರದ ಹಲಗೆಯಾದ ಸೌಂಡ್‌ಬೋರ್ಡನ್ನೇ ಅಲುಗಾಡಿಸಿ ಊಳಿಡಲು ಶುರುವಾಗುತ್ತದೆ. ಜೊತೆಗೆ ಮರ ಹವೆಯ ತೇವ ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ವೇದಿಕೆಯ ಬಿಸಿ ದೀಪಗಳ ಅಡಿಯಲ್ಲಿ ಅರ್ಧ ಗಂಟೆಯೂ ಶ್ರುತಿ ನಿಲ್ಲುವುದಿಲ್ಲ.

ಸೌಂಡ್‌ಬೋರ್ಡನ್ನೇ ಕಿತ್ತುಹಾಕಿದರೆ ಎರಡೂ ತೊಂದರೆ ಹೋಗುತ್ತವೆ ಎಂಬುದು ಟೊಳ್ಳಿಲ್ಲದ ಗಟ್ಟಿ ಮೈಯ ಸಾಲಿಡ್ ಬಾಡಿ ಗಿಟಾರ್ ಆಗಲೇ ಕಲಿಸಿದ್ದ ಪಾಠ. 1960ರ ದಶಕದ ಮೊದಲ ಭಾಗದಲ್ಲಿ ಹಾರ್ಪ್ಸಿಕಾರ್ಡ್ ತಯಾರಕ ಕೇಲೆಬ್ ವಾರ್ನರ್ ಅಮೆರಿಕದಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ತಂತಿ ಬಿಗಿದು, ಗಿಟಾರ್‌ನಂಥ ಪಿಕಪ್ ಕೂರಿಸಿ ಮಾದರಿಯೊಂದನ್ನು ಮಾಡಿದರು. ಆ ದಶಕದ ನಡುವಿನಲ್ಲಿ ಓಹಾಯೋದ ಸಿನ್ಸಿನಾಟಿಯ ಬಾಲ್ಡ್ವಿನ್ ಪಿಯಾನೋ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಇದೇ ಕಂಪನಿ 1965ರಲ್ಲಿ ಇಂಗ್ಲೆಂಡಿನ ಬರ್ನ್ಸ್ ಗಿಟಾರ್ ಸಂಸ್ಥೆಯನ್ನು ಕೊಂಡಿತ್ತು. ರಾಕ್ ತಂಡಗಳಿಗೆ ವಾದ್ಯ ಮಾರುವ ಹಟ ಅದಕ್ಕೆ ಇತ್ತು, ಎಲೆಕ್ಟ್ರಿಕ್ ಹಾರ್ಪ್ಸಿಕಾರ್ಡ್ ಆ ಹಟದ ಕೂಸು.

ಪಿಕಪ್ ಬಂದ ಕೂಡಲೇ ವಾದ್ಯದ ಸ್ವಭಾವ ಮೂರು ಕಡೆ ಬದಲಾಯಿತು.

ಮೊದಲನೆಯದು ತಂತಿ. ಹಳೆಯ ಹಾರ್ಪ್ಸಿಕಾರ್ಡುಗಳಲ್ಲಿ ಮಂದ್ರಕ್ಕೆ ಹಿತ್ತಾಳೆಯ ತಂತಿ ಬಿಗಿಯುತ್ತಾರೆ. ಮ್ಯಾಗ್ನೆಟಿಕ್ ಪಿಕಪ್ ಎಂದರೆ ಅಯಸ್ಕಾಂತಕ್ಕೆ ಸುತ್ತಿದ ಸಣ್ಣ ತಾಮ್ರದ ಸುರುಳಿ. ಅದರ ಮುಂದೆ ಕಬ್ಬಿಣಾಂಶದ ತಂತಿ ಅಲುಗಿದಾಗ ಕಾಂತಕ್ಷೇತ್ರ ಕದಲಿ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. ಹಿತ್ತಾಳೆಗೆ ಅಯಸ್ಕಾಂತದ ಸೆಳೆತವಿಲ್ಲ, ಪಿಕಪ್‌ಗೆ ಅದು ಇದ್ದೂ ಇಲ್ಲದಂತೆ. ನಮ್ಮ ತಂಬೂರಿಗೆ ಗಿಟಾರ್ ಪಿಕಪ್ ಹಚ್ಚಿ ನೋಡಿದರೆ ಉಕ್ಕಿನ ತಂತಿಗಳೆಲ್ಲ ಕೇಳಿ, ಹಿತ್ತಾಳೆಯ ಮಂದ್ರ ಷಡ್ಜ ಮಾತ್ರ ಮೌನವಾಗುವುದು ಇದೇ ಕಾರಣಕ್ಕೆ. ಇಂಥ ವಾದ್ಯಗಳಿಗೆ ಮೈಯ ಕಂಪನವನ್ನು ಹಿಡಿಯುವ ಕಾಂಟ್ಯಾಕ್ಟ್ ಮೈಕ್ ಹಾಕಬೇಕಾಗುವುದೂ ಅದಕ್ಕೇ. ಮ್ಯಾಗ್ನೆಟಿಕ್ ಪಿಕಪ್‌ನ ಹಾರ್ಪ್ಸಿಕಾರ್ಡಿಗೆ ಉಕ್ಕು ಬಿಟ್ಟರೆ ಗತಿಯಿಲ್ಲ. ಹಿತ್ತಾಳೆ ಕೊಡುತ್ತಿದ್ದ ಆ ಬೆಚ್ಚನೆಯ ಮಂದ್ರ ಅಲ್ಲಿಗೆ ಹೋಯಿತು.

ಎರಡನೆಯದು ಪಿಕಪ್ ಕೂರುವ ಜಾಗ. ತಂತಿಯನ್ನು ಅದರ ಉದ್ದದ ಏಳನೇ ಒಂದರಲ್ಲಿ ಮೀಟಿದರೆ ಏಳನೇ ಅನುಸ್ವರ ಹುಟ್ಟುವುದಿಲ್ಲ. ಪಿಕಪ್ಪಿಗೂ ಇದೇ ನಿಯಮ. ಏಳನೇ ಒಂದು ಭಾಗದಲ್ಲಿ ಕೂತ ಪಿಕಪ್ಪಿಗೆ ಏಳನೇ ಅನುಸ್ವರ ಕೇಳಿಸುವುದಿಲ್ಲ. ಅಂದರೆ ಎಲೆಕ್ಟ್ರಿಕ್ ಹಾರ್ಪ್ಸಿಕಾರ್ಡಿನ ದನಿ ಎರಡು ಜರಡಿಗಳನ್ನು ದಾಟಿ ಬರುತ್ತದೆ, ಒಂದು ಮೀಟಿದ ಜಾಗದ್ದು, ಇನ್ನೊಂದು ಪಿಕಪ್ ಕೂತ ಜಾಗದ್ದು. ಇಲ್ಲೊಂದು ತೊಡಕಿದೆ. ಗಿಟಾರಿನ ತೆರೆದ ತಂತಿಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದ. ಕೀಬೋರ್ಡ್ ವಾದ್ಯದಲ್ಲಿ ಹಾಗಲ್ಲ. ಸುಮಾರು 35 ಸೆಂಟಿಮೀಟರಿನ ತಾರಸ್ವರದ ತಂತಿಗೆ ತುದಿಯಿಂದ 5 ಸೆಂಟಿಮೀಟರ್ ದೂರದ ಪಿಕಪ್ ಎಂದರೆ ಏಳನೇ ಒಂದು ಭಾಗ. ದೊಡ್ಡ ವಾದ್ಯದ 175 ಸೆಂಟಿಮೀಟರಿನ ಮಂದ್ರದ ತಂತಿಗೆ ಅದೇ 5 ಸೆಂಟಿಮೀಟರ್ ಎಂದರೆ ಮೂವತ್ತೈದನೇ ಒಂದು ಭಾಗ. ಪಿಕಪ್ಪನ್ನು ನೇರ ಸಾಲಾಗಿ ಕೂರಿಸಿದರೆ ಮಂದ್ರ ಝಣಝಣ, ತಾರ ದುಂಡಗೆ. ಮರದ ವಾದ್ಯದಲ್ಲಿ ಸೌಂಡ್‌ಬೋರ್ಡ್ ಇದನ್ನೆಲ್ಲ ಒಂದು ಹದಕ್ಕೆ ತರುತ್ತಿತ್ತು. ಇಲ್ಲಿ ಆ ಹದವನ್ನು ಪಿಕಪ್ಪಿನ ಜಾಗ, ಟೋನ್ ಗುಂಡಿ ಮತ್ತು ಆಂಪ್ಲಿಫೈಯರ್ ತರಬೇಕು.

ಮೂರನೆಯದು ಸ್ವರದ ಆಯುಸ್ಸು. ಸೌಂಡ್‌ಬೋರ್ಡ್ ತಂತಿಯ ಶಕ್ತಿಯನ್ನು ಹೀರಿ ಗಾಳಿಗೆ ಕೊಡುತ್ತದೆ. ಅದು ಇಲ್ಲದಿದ್ದರೆ ಶಕ್ತಿ ತಂತಿಯಲ್ಲೇ ಉಳಿದು ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ. ನಿಧಾನ ಗತಿಯ ಹಾಡಿಗೆ ಇದು ಹೇಳಿಮಾಡಿಸಿದ ಗುಣ.

ಬೀಟಲ್ಸ್ ತಂಡದ ‘ಬಿಕಾಸ್’ ಕೇಳಿದರೆ ಈ ಮೂರೂ ಒಟ್ಟಿಗೆ ಸಿಗುತ್ತವೆ. 1969ರ ಆಗಸ್ಟ್ 1ರಂದು ಲಂಡನ್ನಿನ ಸ್ಟುಡಿಯೋದಲ್ಲಿ ಜಾರ್ಜ್ ಮಾರ್ಟಿನ್ ಬಾಲ್ಡ್ವಿನ್ ಎಲೆಕ್ಟ್ರಿಕ್ ಹಾರ್ಪ್ಸಿಕಾರ್ಡಿನ ಮುಂದೆ ಕೂತರು. ಜಾನ್ ಲೆನನ್ ಗಿಟಾರಿನಲ್ಲಿ ಅದೇ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ನುಡಿಸಿದರು. ಎರಡು ಪಿಟೀಲುಗಳು ಒಟ್ಟಿಗೆ ನುಡಿದಾಗ ಚೂರು ಹಿಂದುಮುಂದಾದರೂ ಕಿವಿಗೆ ತಿಳಿಯದು, ಏಕೆಂದರೆ ಕಮಾನಿನ ಸ್ವರ ಮೆಲ್ಲಗೆ ಹುಟ್ಟುತ್ತದೆ. ಎರಡು ಮೀಟುಗಳಿಗೆ ಆ ರಿಯಾಯಿತಿ ಇಲ್ಲ. ಸೆಕೆಂಡಿನ ನೂರನೇ ಕೆಲವು ಭಾಗ ತಪ್ಪಿದರೂ ಒಂದು ಸ್ವರ ಎರಡಾಗಿ ಒಡೆದು ಕೇಳುತ್ತದೆ. ಹಾಡಿನಲ್ಲಿ ಡ್ರಮ್ಸ್ ಇಲ್ಲ. ಹಾಗಾಗಿ ರಿಂಗೋ ಸ್ಟಾರ್ ಹೈ-ಹ್ಯಾಟ್ ಮೇಲೆ ತಾಳ ಹಾಕುತ್ತ ಹೋದರು. ಅದು ನುಡಿಸುವವರ ಹೆಡ್‌ಫೋನಿಗೆ ಮಾತ್ರ ಹೋಯಿತು, ಟೇಪಿಗೆ ಇಳಿಯಲಿಲ್ಲ. ಒಟ್ಟು 23 ಟೇಕ್ ಆದವು, ಆರಿಸಿಕೊಂಡದ್ದು 16ನೆಯದನ್ನು. ಆಮೇಲೆ ಮೂವರ ದನಿಯನ್ನು ಮೂರು ಪದರ ಹಾಕಿ ಒಂಬತ್ತು ಮಾಡಿದರು. ಆ ಒಂಬತ್ತು ದನಿಗಳ ಅಡಿಯಲ್ಲಿ ಮರದ ಹಾರ್ಪ್ಸಿಕಾರ್ಡಾಗಿದ್ದರೆ ಅದರ ಅನುರಣನ ಹರಡಿ ಗೋಜಲಾಗುತ್ತಿತ್ತು. ಪಿಕಪ್ಪಿನಿಂದ ನೇರವಾಗಿ ಬಂದ ಸ್ವರ ಸೂಜಿಯ ಮೊನೆಯಂತೆ ನಿಂತಿತು. ಎಲೆಕ್ಟ್ರಿಕ್ ಹಾರ್ಪ್ಸಿಕಾರ್ಡಿನಿಂದ ಮಾತ್ರ ಆಗಬಹುದಾದ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ಈ ಒಂದು ಹಾಡು ಸಾಕು.

ಹಾಗಿದ್ದರೆ ಅದು ನಿಲ್ಲಲಿಲ್ಲ ಯಾಕೆ? ಜರ್ಮನಿಯ ಟ್ರಾಸಿಂಗೆನ್ ಊರಿನ ಹೋನರ್ ಕಂಪನಿಯಲ್ಲಿ ಅರ್ನ್ಸ್ಟ್ ಝಕಾರಿಯಾಸ್ ಎಂಬ ಎಂಜಿನಿಯರ್ ಇದ್ದರು. ಅವರೂ ಮೊದಲು ಹಿಡಿದದ್ದು ಮೀಟುವ ದಾರಿಯನ್ನೇ. ಅವರ ಸೆಂಬಲೆಟ್ ವಾದ್ಯದಲ್ಲಿ ತಂತಿಯ ಬದಲು ಲೋಹದ ರೀಡುಗಳನ್ನು ಮೀಟಲಾಗುತ್ತಿತ್ತು. 1964ರಲ್ಲಿ ಬಂದ ಕ್ಲಾವಿನೆಟ್‌ನಲ್ಲಿ ಅವರು ಮೀಟನ್ನು ಬಿಟ್ಟು, ಕ್ಲಾವಿಕಾರ್ಡ್ ಎಂಬ ಇನ್ನೂ ಮೆಲುದನಿಯ ಹಳೆಯ ವಾದ್ಯದ ತತ್ತ್ವವನ್ನು ತೆಗೆದುಕೊಂಡರು. 60 ಕೀ, 60 ತಂತಿ. ಕೀಯ ಅಡಿಯಲ್ಲಿರುವ ರಬ್ಬರಿನ ಗುಬುಟು ತಂತಿಯನ್ನು ಲೋಹದ ಅಡಿಗಲ್ಲಿನ ಮೇಲೆ ಒತ್ತುತ್ತದೆ. ಎಷ್ಟು ಬಿರುಸಾಗಿ ಒತ್ತಿದರೆ ಅಷ್ಟು ಜೋರು ದನಿ. ಕೀ ಬಿಟ್ಟರೆ ತಂತಿಯ ಒಂದು ತುದಿಗೆ ನೇಯ್ದ ಉಣ್ಣೆಯ ನೂಲು ದನಿಯನ್ನು ಆ ಕ್ಷಣವೇ ನುಂಗುತ್ತದೆ. ಮನೆಯಲ್ಲಿ ಹಳೆಯ ಸಂಗೀತ ನುಡಿಸುವವರಿಗಾಗಿ ಮಾಡಿದ ವಾದ್ಯ ಅದು. 1972ರಲ್ಲಿ ಸ್ಟೀವಿ ವಂಡರ್ ‘ಸೂಪರ್‌ಸ್ಟಿಷನ್’ ಹಾಡಿಗೆ ನುಡಿಸಿದ ಮೇಲೆ ಅದು ಫಂಕ್ ಸಂಗೀತದ ಬೆನ್ನೆಲುಬಾಯಿತು.

ಫಂಕ್ ನಿಂತಿರುವುದೇ ಒತ್ತಿನ ಮೇಲೆ. ಒಂದು ಮಾತ್ರೆ ಗಟ್ಟಿ, ಮುಂದಿನ ಎರಡು ಮೆಲ್ಲಗೆ, ನಡುವೆ ಅರೆಬರೆ ಮುಟ್ಟಿದ ಸ್ವರ. ತಬಲಾದಲ್ಲಿ ಚಾಟಿಗೂ ಬಾಯಾಕ್ಕೂ ಇರುವಂಥ ಏರಿಳಿತ. ಎಲ್ಲವನ್ನೂ ಒಂದೇ ಜೋರಿನಲ್ಲಿ ಹೇಳುವ ಹಾರ್ಪ್ಸಿಕಾರ್ಡಿಗೆ ಅಲ್ಲಿ ಜಾಗವಿರಲಿಲ್ಲ. ಹಳೆಯ ಹಾರ್ಪ್ಸಿಕಾರ್ಡ್ ನುಡಿಸುವವರು ಒತ್ತನ್ನು ಕಾಲದಲ್ಲಿ ತೋರಿಸುತ್ತಾರೆ. ಮುಖ್ಯ ಸ್ವರವನ್ನು ಕೂದಲೆಳೆಯಷ್ಟು ತಡಮಾಡುತ್ತಾರೆ, ಅದರ ಹಿಂದಿನದನ್ನು ಗಿಡ್ಡ ಮಾಡುತ್ತಾರೆ, ಸ್ವರಗುಚ್ಛವನ್ನು ಕೆಳಗಿನಿಂದ ಮೇಲಕ್ಕೆ ಬಿಡಿಸುತ್ತಾರೆ. ಡ್ರಮ್ಸ್ ಗಡಿಯಾರದಂತೆ ಬಡಿಯುವ ಹಾಡಿನಲ್ಲಿ ಆ ತಡವೇ ತಪ್ಪಾಗಿ ಕೇಳುತ್ತದೆ. ಬಾಲ್ಡ್ವಿನ್ ಸೋತದ್ದು ಕೆಟ್ಟ ವಾದ್ಯ ಎಂಬುದಕ್ಕಲ್ಲ, ಹಾಡಿನ ಲಯ ಬದಲಾದದ್ದಕ್ಕೆ.

ಇನ್ನೊಂದು ಕಡೆಯಿಂದ ತಂತಿಯೇ ಇಲ್ಲದ ಹಾರ್ಪ್ಸಿಕಾರ್ಡ್ ಬಂತು. ಉತ್ತರ ಕೆರೊಲಿನಾದ ರಾಕಿ ಮೌಂಟ್ ಊರಿನಲ್ಲಿ ಅಲೆನ್ ಆರ್ಗನ್ ಕಂಪನಿಯ ಅಂಗಸಂಸ್ಥೆ ಆರ್‌ಎಂಐ 1967ರ ಹೊತ್ತಿಗೆ ರಾಕ್-ಸಿ-ಕಾರ್ಡ್ ಮಾಡಿತು. ಆಸಿಲೇಟರ್‌ಗಳು ಸ್ವರ ಹುಟ್ಟಿಸುತ್ತವೆ, ಸರ್ಕ್ಯೂಟು ಅದನ್ನು ಮೀಟಿನಂತೆ ನಂದಿಸುತ್ತದೆ. ಕೊಕ್ಕು ಕತ್ತರಿಸುವ, ಶ್ರುತಿ ಮಾಡುವ ರಗಳೆಯಿಲ್ಲ. ಅಮೆರಿಕದ ಸಂಗೀತಗಾರ ಟೆರಿ ರೈಲಿ ತಮ್ಮ 1969ರ ‘ಎ ರೇನ್‌ಬೋ ಇನ್ ಕರ್ವ್ಡ್ ಏರ್’ನಲ್ಲಿ, ಜಾಝ್ ಸಂಗೀತಗಾರ ಸನ್ ರಾ 1970ರ ತಮ್ಮ ಧ್ವನಿಮುದ್ರಿಕೆಯಲ್ಲಿ ಇದನ್ನೇ ನುಡಿಸಿದರು. ಆಮೇಲೆ 1983ರ ಯಮಾಹಾ ಡಿಎಕ್ಸ್7 ಸಿಂಥಸೈಜರ್ ಬಂತು. ಅದರೊಳಗೆ ಹಾರ್ಪ್ಸಿಕಾರ್ಡೂ ಇತ್ತು, ಕ್ಲಾವಿಯೂ ಇತ್ತು.

ಅಸಲಿ ವಾದ್ಯದ ದನಿಯನ್ನು ಮುದ್ರಿಸಿ ಕೀಬೋರ್ಡಿನೊಳಗೆ ಇಡುವ ಸ್ಯಾಂಪಲಿಂಗ್ ಕಾಲಕ್ಕೆ ಆ ಹಳೆಯ ದೋಷವೇ ಗುಣವಾಯಿತು. ಪಿಯಾನೋದ ಒಂದು ಕೀಯನ್ನು ನಂಬುವಂತೆ ಮುದ್ರಿಸಲು ಮೆಲ್ಲಗಿನಿಂದ ಜೋರಿನವರೆಗೆ ಎಂಟು ಹತ್ತು ಪದರ ಬೇಕು. ಹಾರ್ಪ್ಸಿಕಾರ್ಡಿಗೆ ಒಂದು ಪದರ ಸಾಕು. ಮೆಮೊರಿ ದುಬಾರಿಯಾಗಿದ್ದ ದಿನಗಳಲ್ಲಿ ಅಗ್ಗದ ಕೀಬೋರ್ಡಿನಲ್ಲೂ ಈ ದನಿ ಪರವಾಗಿಲ್ಲ ಎನ್ನುವಂತೆ ಕೇಳಿದ್ದು ಇದಕ್ಕೇ. ಆದರೂ ಆರ್ಕೆಸ್ಟ್ರಾಗಳಲ್ಲಿ, ಮನೆ ಸ್ಟುಡಿಯೋಗಳಲ್ಲಿ ಏಳನೇ ಟೋನ್ ಆಟಿಕೆಯಂತೆ ಕೇಳುವುದುಂಟು. ತಪ್ಪು ಹೆಚ್ಚಾಗಿ ಸ್ಯಾಂಪಲ್ಲಿನದಲ್ಲ, ಸೆಟ್ಟಿಂಗಿನದು. ಟಚ್ ರೆಸ್ಪಾನ್ಸ್ ಆಫ್ ಮಾಡಿ, ಇಲ್ಲವೇ ವೆಲಾಸಿಟಿಯನ್ನು (ಕೀ ಒತ್ತಿದ ವೇಗದ ಅಂಕಿ) 90–100ರ ನಡುವೆ ಒಂದು ಅಂಕಿಗೆ ಕಟ್ಟಿಹಾಕಿ. ಸಸ್ಟೇನ್ ಪೆಡಲ್ ಮುಟ್ಟಬೇಡಿ. ಹಾರ್ಪ್ಸಿಕಾರ್ಡಿಗೆ ಆ ಪೆಡಲ್ಲೇ ಇಲ್ಲ, ಸ್ವರ ಉಳಿಯಬೇಕಾದರೆ ಬೆರಳು ಕೀ ಮೇಲೇ ಇರಬೇಕು. ಐದು ಸ್ಥಾಯಿಯ ವಾದ್ಯದ ಹರವು ಮಿಡಿ ಸಂಖ್ಯೆ (ಪ್ರತಿ ಕೀಗೆ ಕೊಟ್ಟ ಅಂಕಿ) 29ರಿಂದ 89. ಅದರಾಚೆ ಹೋದರೆ ನಂಬಿಕೆ ಹಾರಿಹೋಗುತ್ತದೆ. ಎಡಗೈಯಲ್ಲಿ ಪಿಯಾನೋದಂತೆ ತುಂಬು ಕಾರ್ಡ್ ಹಿಡಿಯದೆ ಎರಡು ಸ್ವರಕ್ಕೆ ಇಳಿಸಿ.

ಒಳ್ಳೆಯ ಸಾಫ್ಟ್‌ವೇರ್ ಸ್ಯಾಂಪಲ್‌ಗಳಲ್ಲಿ ಕೀ ಬಿಟ್ಟಾಗ ಬರುವ ‘ಟಿಕ್’ ಕೂಡ ಇರುತ್ತದೆ, ಇಳಿಯುವ ಕೊಕ್ಕು ತಂತಿಯನ್ನು ಮತ್ತೆ ಮುಟ್ಟುವ ಸದ್ದು. ಅದನ್ನು ಗದ್ದಲ ಎಂದು ತೆಗೆದುಹಾಕಬೇಡಿ, ಸ್ವರ ಎಲ್ಲಿ ಮುಗಿಯಿತು ಎಂದು ಕಿವಿಗೆ ಹೇಳುವುದು ಅದೇ. ಬಾಲ್ಡ್ವಿನ್ ತರಹದ ದನಿ ಬೇಕೆಂದರೆ ಸ್ಯಾಂಪಲ್ಲಿನ ಹಾಲ್ ರಿವರ್ಬನ್ನು ಪೂರ್ತಿ ತೆಗೆದು, ಮೋನೋ ಮಾಡಿ, ಗಿಟಾರ್ ಆಂಪ್ಲಿಫೈಯರ್ ಮೂಲಕ ಹಾಯಿಸಿ. ಮೀಟರಿನ ಮುಳ್ಳು ಕೆಳಗಿದ್ದರೂ ಮೀಟಿನ ಕ್ಷಣ ಮೊನಚಾಗಿರುವುದರಿಂದ ರೆಕಾರ್ಡಿಂಗ್ ಕ್ಲಿಪ್ ಆಗುತ್ತದೆ, ಅಂದರೆ ದನಿಯ ತುದಿ ಕತ್ತರಿಸಿಹೋಗುತ್ತದೆ. ಎಂದಿಗಿಂತ 6 ಡೆಸಿಬೆಲ್ ಹೆಚ್ಚು ಜಾಗ ಬಿಡಿ.

ಇವತ್ತಿನ ನಿಜವಾದ ಚಿಂತೆ ಉಳಿದಿರುವ ಅಸಲಿ ವಾದ್ಯಗಳದು. ಅವುಗಳಲ್ಲಿ ಹಲವಕ್ಕೆ ಐವತ್ತು ವರ್ಷ ದಾಟಿದೆ. ಹಳೆಯ ಕ್ಲಾವಿನೆಟ್ ತೆರೆದರೆ ರಬ್ಬರಿನ ಗುಬುಟುಗಳು ಡಾಂಬರಿನಂತೆ ಕರಗಿ ತಂತಿಗೆ ಅಂಟಿರುತ್ತವೆ. ಕೀ ಒತ್ತಿದರೆ ಬಿಡುವಾಗಲೂ ಒಂದು ಸದ್ದು ಬರುವುದು ಆ ಅಂಟಿನಿಂದಲೇ. ಅಷ್ಟೂ 60 ಗುಬುಟುಗಳನ್ನು ಬದಲಿಸಬೇಕು. ಬಿಡಿಭಾಗ ಸಿಗುವುದರಿಂದ ಕ್ಲಾವಿನೆಟ್ ಬದುಕಿಕೊಳ್ಳುತ್ತದೆ. ಎಲೆಕ್ಟ್ರಿಕ್ ಹಾರ್ಪ್ಸಿಕಾರ್ಡಿನ ರಿಪೇರಿ ಕೈಕೆಲಸ. ಕೊಕ್ಕು ತಂತಿಯಾಚೆಗೆ ಚಾಚಿಕೊಂಡಿರಬೇಕಾದ್ದು ಅರ್ಧ ಮಿಲಿಮೀಟರಿನ ಆಸುಪಾಸು. ಹೆಚ್ಚು ಚಾಚಿದರೆ ಕೀ ಭಾರವಾಗುತ್ತದೆ, ಇಳಿಯುವಾಗ ಜ್ಯಾಕ್ ತಂತಿಯ ಮೇಲೇ ನೇತಾಡಿ ಎರಡನೇ ಸಲ ಸ್ವರ ಬರುವುದಿಲ್ಲ. ಕಡಿಮೆಯಾದರೆ ಮೀಟು ತಪ್ಪುತ್ತದೆ. ತೆಳ್ಳಗೆ ಮಾಡುವುದಾದರೆ ಯಾವಾಗಲೂ ಅಡಿಯಿಂದ ಹೆರೆಯಬೇಕು. ಮೇಲ್ಮೈಗೆ ಚಾಕು ತಾಗಿದರೆ ಗೀರು ಬಿದ್ದು ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಕೊಕ್ಕು ಅಲ್ಲಿಯೇ ಮುರಿಯುತ್ತದೆ. ಉಣ್ಣೆಬಟ್ಟೆಯನ್ನು ನುಸಿ ತಿಂದಿದ್ದರೆ ಕೀ ಬಿಟ್ಟ ಮೇಲೂ ಸ್ವರ ಗುಂಯ್‌ಗುಡುತ್ತಲೇ ಇರುತ್ತದೆ.

ಅಮೆರಿಕದಿಂದ ಇಂಥದ್ದೊಂದನ್ನು ತರಿಸಿಕೊಳ್ಳುವವರು ಅದನ್ನು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರ ಸಿಕ್ಕಿಸಲೇಬಾರದು. ಅದು 120 ವೋಲ್ಟಿನ ಆಸುಪಾಸಿಗೆ, 60 ಹರ್ಟ್ಸ್‌ಗೆ ಮಾಡಿದ ಯಂತ್ರ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. 50 ಹರ್ಟ್ಸ್‌ನಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರ್ ಹೆಚ್ಚು ಕಾಯುತ್ತದೆ. ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಬದಲಿಸಿ, ಸೀರೀಸ್ ಬಲ್ಬ್ ಹಾಕಿ ಮೊದಲ ಸಲ ಕರೆಂಟು ಕೊಡುವುದು ಕ್ಷೇಮ. ಮಳೆಗಾಲದಲ್ಲಿ ಅಲ್ಯೂಮಿನಿಯಂ ಚೌಕಟ್ಟು ಉಬ್ಬುವುದಿಲ್ಲ ನಿಜ, ಉಕ್ಕಿನ ತಂತಿಗೆ ತುಕ್ಕು ಹಿಡಿಯುವುದು ತಪ್ಪದು.

ಈ ದನಿ ಉಳಿಯಬೇಕು ಎನ್ನುವುದಕ್ಕೆ ಇನ್ನೊಂದು ಕಾರಣ ಶ್ರುತಿ: ಸ್ವರಗಳು ಕೂಡಿದವೋ ಇಲ್ಲವೋ ಎಂಬುದು ಇದರಲ್ಲಿ ಸ್ಪಷ್ಟವಾಗಿ ಕೇಳುತ್ತದೆ. 1976ರಲ್ಲಿ ಸ್ವೀಡನ್ನಿನ ಸಂಗೀತ ರಚನಕಾರ್ತಿ ಕ್ಯಾಥರೀನ್ ಕ್ರಿಸ್ಟರ್ ಹೆನ್ನಿಕ್ಸ್ ಸ್ಟಾಕ್‌ಹೋಮಿನಲ್ಲಿ ‘ದಿ ಎಲೆಕ್ಟ್ರಿಕ್ ಹಾರ್ಪ್ಸಿಕಾರ್ಡ್’ ಎಂದೇ ಹೆಸರಿಟ್ಟ ಕೃತಿಯನ್ನು ಸ್ವರಗಳು ನಡುಕವಿಲ್ಲದೆ ಕೂಡುವ ಶುದ್ಧ ಶ್ರುತಿಗೆ ಕೂಡಿಸಿದ ಕೀಬೋರ್ಡಿನಲ್ಲಿ ನುಡಿಸಿದರು. ಅವರೂ, 1970ರಿಂದ ಟೆರಿ ರೈಲಿಯೂ ಕಲಿತದ್ದು ಹಿಂದೂಸ್ತಾನಿ ಗಾಯಕ ಪಂಡಿತ್ ಪ್ರಾಣನಾಥರ ಬಳಿ. ಪ್ರಾಣನಾಥರು ಕಿರಾನಾ ಘರಾನೆಯ ಅಬ್ದುಲ್ ವಹೀದ್ ಖಾನರ ಶಿಷ್ಯ. ಅದೇ ಘರಾನೆಯ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಹರಿದ ಧಾರೆ ನಮ್ಮ ಕಿವಿಗೆ ಹೊಸದಲ್ಲ. ಷಡ್ಜಕ್ಕೆ ಗಾಂಧಾರ ಕೂಡುವ ಆ ಕ್ಷಣಕ್ಕಾಗಿ ಕಾಯುವ ಸಂಗೀತ ಅದು.

ಅದನ್ನು ಏಳನೇ ಟೋನ್‌ನಲ್ಲೇ ಪರೀಕ್ಷಿಸಬಹುದು. ನಡು ಸ್ಥಾಯಿಯ ಸಿ ಕೀಯನ್ನು ಷಡ್ಜ ಮಾಡಿ, ಇ ಕೀಯನ್ನು ಶುದ್ಧ ಗಾಂಧಾರವಾಗಿ ಅದರ ಜೊತೆ ಹಿಡಿಯಿರಿ. ಷಡ್ಜದ ಐದನೇ ಅನುಸ್ವರ ಸುಮಾರು 1308 ಹರ್ಟ್ಸ್, ಗಾಂಧಾರದ ನಾಲ್ಕನೆಯದು ಸುಮಾರು 1318. ಎರಡೂ ಡಿಕ್ಕಿ ಹೊಡೆದು ಸೆಕೆಂಡಿಗೆ ಹತ್ತು ಸಲ ದನಿ ನಡುಗುತ್ತದೆ. ಅನುಸ್ವರಗಳೇ ಜೋರಾಗಿರುವ ಹಾರ್ಪ್ಸಿಕಾರ್ಡಿನಲ್ಲಿ ಈ ನಡುಕ ಪಿಯಾನೋಗಿಂತ ಸ್ಪಷ್ಟ. ಈಗ ಕೀಬೋರ್ಡಿನ ಸ್ಕೇಲ್ ಟ್ಯೂನಿಂಗ್ ಮೆನುವಿಗೆ ಹೋಗಿ ಇ ಸ್ವರವನ್ನು 14 ಸೆಂಟ್ (ಒಂದು ಸೆಂಟ್ ಎಂದರೆ ಅಕ್ಕಪಕ್ಕದ ಎರಡು ಸ್ವರಗಳ ನಡುವಿನ ಅರ್ಧ ಸ್ವರದ ಅಂತರದ ನೂರನೇ ಒಂದು ಭಾಗ) ಇಳಿಸಿ, ಪಂಚಮವಾದ ಜಿಯನ್ನು 2 ಸೆಂಟ್ ಏರಿಸಿ, ಮೂರನ್ನೂ ಒಟ್ಟಿಗೆ ಒತ್ತಿ ಸ್ವರ ನಂದುವವರೆಗೆ ಬೆರಳು ತೆಗೆಯದೆ ಕೇಳಿ. ನಡುಕ ನಿಂತಿರುತ್ತದೆ.